ಚೀಗಾಂಗ್: ಮಿತವಿದ್ದರೆ ಹಿತ

ಕಳೆದ ಚಳಿಗಾಲದಲ್ಲಿ ಹಿರಿಯರೊಬ್ಬರನ್ನು ಅವರ ಮಗ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಅವರ ಬಲಗೈ ಸ್ವಾಧೀನದಲ್ಲಿರಲಿಲ್ಲ, ಮಾತು ತೊದಲುತ್ತಿತ್ತು. ಕೂಡಲೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು, ಜೀವ ಉಳಿಯಿತು. ವಿಚಾರಿಸಿದಾಗ, ರಕ್ತದೊತ್ತಡದ ಮಾತ್ರೆಯನ್ನು ಅವರು ಮೂರು ತಿಂಗಳ ಹಿಂದೆಯೇ ಬಿಟ್ಟಿದ್ದರೆಂದು ತಿಳಿಯಿತು. ಚೀನಾ ದೇಶದ ಚೀಗಾಂಗ್ ವ್ಯಾಯಾಮವನ್ನು ನಿತ್ಯವೂ ಮಾಡುತ್ತಿರುವಾಗ ಮಾತ್ರೆ ಏಕೆ ಎಂಬುದು ಅವರ ಎಣಿಕೆಯಾಗಿತ್ತು. ಆ ವ್ಯಾಯಾಮವನ್ನು ಅವರ ಮುಂದೆ ಹೊಗಳಿದವರು ನಾವೇ. ಹೊಗಳಿದ್ದು ತಪ್ಪಲ್ಲ, ಅದರ ಮಿತಿಯನ್ನು ಹೇಳದೆ ಬಿಟ್ಟದ್ದು ತಪ್ಪು. ಅಂದು ಉಳಿದ ಮಾತನ್ನು ಇಂದು ಓದುಗರೆಲ್ಲರಿಗೂ ಹೇಳಬಯಸುತ್ತೇವೆ.

‘ಚೀ’ ಎಂದರೆ ಉಸಿರು, ಜೀವಶಕ್ತಿ. ‘ಗಾಂಗ್’ ಎಂದರೆ ದೀರ್ಘಕಾಲದ ಅಭ್ಯಾಸದಿಂದ ಕೈಗೂಡುವ ಕೌಶಲ. ಮಂದಗತಿಯ ಅಂಗಚಲನೆ, ಅದಕ್ಕೆ ಹೊಂದಿಕೊಂಡ ಉಸಿರಾಟ, ಇವೆರಡರಲ್ಲಿ ನೆಲೆನಿಂತ ಮನಸ್ಸು: ಈ ಮೂರೂ ಕೂಡಿದರೆ ಚೀಗಾಂಗ್. ನಮ್ಮ ಪ್ರಾಣಾಯಾಮವೇ ಅಲ್ಲಿಗೆ ಹೋಗಿ ಹೀಗಾಯಿತೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಅದು ಸರಿಯಲ್ಲ. ಹುನಾನ್ ಪ್ರಾಂತದ ಚಾಂಗ್‌ಶಾ ನಗರದ ಬಳಿ, ಮಾವಾಂಗ್‌ದುಯಿ ಎಂಬಲ್ಲಿ, 1973ರಲ್ಲಿ ಒಂದು ಸಮಾಧಿಯನ್ನು ತೆರೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರಪಟವೊಂದು ದೊರೆಯಿತು. ಕ್ರಿ.ಪೂ. 168ರಲ್ಲಿ ಮುಚ್ಚಿದ ಆ ಸಮಾಧಿಯ ಪಟದಲ್ಲಿ ಬಾಗುವ, ಚಾಚುವ, ಕೈಯೆತ್ತಿ ನಿಂತ 44 ಮಂದಿ ಸ್ತ್ರೀಪುರುಷರಿದ್ದಾರೆ. ಬೌದ್ಧ ಭಿಕ್ಷುಗಳು ಚೀನಾವನ್ನು ತಲುಪುವ ಮೊದಲೇ ಅಲ್ಲಿನ ಜನ ಈ ವಿದ್ಯೆಯನ್ನು ಬಲ್ಲವರಾಗಿದ್ದರು.

ಹಾನ್ ರಾಜವಂಶದ ಕೊನೆಗಾಲದಲ್ಲಿದ್ದ ವೈದ್ಯ ಹುವಾ ತುವೊ ಹುಲಿ, ಜಿಂಕೆ, ಕರಡಿ, ಕಪಿ, ಹಕ್ಕಿ ಎಂಬ ಐದು ಜೀವಿಗಳ ಚಲನೆಯನ್ನು ಅನುಸರಿಸಿ ಒಂದು ವ್ಯಾಯಾಮಕ್ರಮವನ್ನು ಕಲಿಸಿದನೆಂದು ಚೀನೀ ಇತಿಹಾಸಗ್ರಂಥಗಳು ಹೇಳುತ್ತವೆ. ದೇಹಕ್ಕೆ ಶ್ರಮ ಬೇಕು, ಆದರೆ ಅದು ಎಲ್ಲೆ ಮೀರಬಾರದು ಎಂಬುದು ಅವನು ಶಿಷ್ಯನಿಗೆ ನೀಡಿದ ಬೋಧೆ. ತಿರುಗುವ ಬಾಗಿಲ ತಿರುಗಣಿ ಕೊಳೆಯುವುದಿಲ್ಲವೆಂಬ ಹೋಲಿಕೆಯನ್ನೂ ಅವನು ಕೊಟ್ಟಿದ್ದನು. ನಮ್ಮ ಆಯುರ್ವೇದವೂ ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆನ್ನುತ್ತದೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧ ಬಲ ವೆಚ್ಚವಾಯಿತೆಂದು ತಿಳಿದು ನಿಲ್ಲಿಸಬೇಕು. ಎರಡು ದೇಶಗಳ ವೈದ್ಯರು ತಮ್ಮ ತಮ್ಮ ದಾರಿಯಲ್ಲಿ ನಡೆದು ಮಿತದ ಮಹತ್ವವನ್ನೇ ಕಂಡುಕೊಂಡರು.

ಇದರ ಪ್ರಯೋಜನವೇನು? ಉಸಿರು ನಿಧಾನವಾಗಿ ದೀರ್ಘವಾದಂತೆ ಹೃದಯದ ಬಡಿತ ಶಾಂತವಾಗುತ್ತದೆ. ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾವಕಾಶವಾಗಿ ಸಾಗಿಸುವುದರಿಂದ ತೊಡೆ, ಮೀನಖಂಡಗಳು ಬಲಗೊಳ್ಳುತ್ತವೆ, ಸಮತೋಲ ಸುಧಾರಿಸುತ್ತದೆ. ಚೀಗಾಂಗ್‌ನ ಸೋದರವಿದ್ಯೆಯಾದ ತಾಯ್‌ಚೀಯನ್ನು ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪಾರ್ಕಿನ್ಸನ್ ರೋಗವಿದ್ದ 195 ಮಂದಿಯ ಅಧ್ಯಯನದಲ್ಲಿ 24 ವಾರಗಳ ಕಾಲ ಪರೀಕ್ಷಿಸಿದಾಗ, ಅದನ್ನು ಕಲಿತವರ ಸಮತೋಲ ಉತ್ತಮಗೊಂಡಿತೆಂದು 2012ರಲ್ಲಿ ಪ್ರಕಟವಾಯಿತು. ಇಳಿವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಏನಾಗುವುದೆಂಬುದನ್ನು ಕಂಡವರಿಗೆ ಈ ಲಾಭ ಸಣ್ಣದೆನಿಸದು. ರಕ್ತದೊತ್ತಡವೂ ಚೀಗಾಂಗ್‌ನಿಂದ ಸ್ವಲ್ಪ ಇಳಿಯುತ್ತದೆ. ಆದರೆ ಆ ಕುರಿತ ಅಧ್ಯಯನಗಳು ಬಹುಪಾಲು ಸಣ್ಣವು. ಮಾತ್ರೆಯ ಬದಲಿಗೆ ಇದು ಸಾಕೆಂದು ಅವು ತೋರಿಸಿಲ್ಲ.

ಮಿತಿ ಮೀರಿದರೆ ಏನಾಗುವುದೆಂಬುದಕ್ಕೂ ಚೀನಾವೇ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿ ಚೀಗಾಂಗ್ ಹುಚ್ಚು ಹೊಳೆಯಂತೆ ಹರಿಯಿತು. ಮುಟ್ಟದೆಯೇ ಅಂಗೈಯಿಂದ ಶಕ್ತಿ ಹಾಯಿಸಿ ರೋಗ ಕಳೆಯುತ್ತೇವೆಂದ ಗುರುಗಳ ಸುತ್ತ ಸಾವಿರಾರು ಜನ ನೆರೆದರು. ಅತಿಯಾದ ಅಭ್ಯಾಸದಿಂದ ಕೆಲವರ ಚಿತ್ತವೇ ಕದಡಿತು. ಅಲ್ಲಿನ ಮನೋವೈದ್ಯರು ಅದನ್ನು ಪ್ರತ್ಯೇಕ ಮನೋವಿಕಾರವೆಂದು ಗುರುತಿಸಬೇಕಾಯಿತು. ಮುಂದೆ 2003ರಲ್ಲಿ ಚೀನಾದ ಕ್ರೀಡಾ ಆಡಳಿತವು ಪವಾಡದ ಮಾತಿಗೆ ಎಡೆಯಿಲ್ಲದ ನಾಲ್ಕು ಸರಳ ಕ್ರಮಗಳನ್ನು ಆರೋಗ್ಯ ವ್ಯಾಯಾಮಗಳೆಂದು ಪ್ರಚುರಪಡಿಸಿತು.

ಆ ನಾಲ್ಕರಲ್ಲಿ ‘ಬಾದುವಾನ್‌ಜಿನ್’, ಅಂದರೆ ಎಂಟು ತುಂಡು ಜರಿಪಟ್ಟೆ, ಹಿರಿಯರಿಗೆ ಬಹಳ ಅನುಕೂಲ. ಎರಡೂ ಕೈಗಳಿಂದ ಆಕಾಶವನ್ನೆತ್ತುವುದರಿಂದ ತೊಡಗಿ, ಬಿಲ್ಲೆಳೆಯುವುದು, ಹಿಂದಿರುಗಿ ನೋಡುವುದು ಮೊದಲಾದುವನ್ನು ದಾಟಿ, ಹಿಮ್ಮಡಿಯೆತ್ತಿ ಇಳಿಸುವಲ್ಲಿಗೆ ಎಂಟು ಚಲನೆಗಳು ಮುಗಿಯುತ್ತವೆ. ನೆಲದ ಮೇಲೆ ಕುಳಿತೇಳಲಾರದವರೂ ನಿಂತೇ ಮಾಡಬಹುದು; ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬರಿಹೊಟ್ಟೆಯಲ್ಲಿ ಅಥವಾ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಮಾಡಬೇಕು, ಉಸಿರನ್ನು ಬಿಗಿಹಿಡಿಯಬಾರದು. ಮೊಣಕಾಲು ನೋವಿದ್ದವರು ಸ್ವಲ್ಪವೇ ಬಾಗಲಿ. ರಕ್ತದೊತ್ತಡ, ತಲೆಸುತ್ತು, ಗ್ಲಾಕೋಮಾ ಇರುವವರು ತಲೆಯನ್ನು ಕೆಳಕ್ಕೆ ತಗ್ಗಿಸುವ ಚಲನೆಗಳನ್ನು ಬಿಡಲಿ. ಮೊದಲ ದಿನಗಳಲ್ಲಿ ಗೋಡೆಯ ಪಕ್ಕದಲ್ಲಿ ನಿಲ್ಲುವುದು ಒಳಿತು. ಬಲ್ಲವರ ಮುಂದೆ ಕಲಿಯುವುದು ಇನ್ನೂ ಒಳಿತು.

ಆ ಹಿರಿಯರು ಈಗ ಕೋಲೂರಿ ನಡೆಯುತ್ತಾರೆ. ಬೆಳಗ್ಗೆ ಮಾತ್ರೆ ನುಂಗಿ, ಮಗನ ಆಸರೆಯಲ್ಲಿ ಮೊದಲ ಚಲನೆಯೊಂದನ್ನೇ ಮಾಡುತ್ತಾರೆ. ಬಲಗೈ ಇನ್ನೂ ಭುಜದ ಮಟ್ಟ ದಾಟಿಲ್ಲ. ಆದುದರಿಂದ ಭಕ್ತಾದಿಗಳಲ್ಲಿ ನಮ್ಮ ಮನವಿ ಇಷ್ಟೆ: ಒಳ್ಳೆಯ ವ್ಯಾಯಾಮ ಯಾವ ದೇಶದ್ದಾದರೂ ಸ್ವೀಕರಿಸೋಣ, ಆದರೆ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡುವುದು ಬೇಡ.