ಆಸ್ಪತ್ರೆಯ ಗೋಡೆಗೂ ಒಂದು ಕಾಯಿದೆ ಬೇಡವೆ?

ಕೆಲವು ತಿಂಗಳ ಹಿಂದೆ ನಮ್ಮ ಕಛೇರಿಯ ಹಿರಿಯ ಸಹೋದ್ಯೋಗಿಯೊಬ್ಬರ ತಾಯಿಯವರನ್ನು ನೋಡಲು ನಗರದ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆವು. ಸೊಂಟದ ಮೂಳೆ ಮುರಿದು ಮೂರನೆಯ ಮಹಡಿಯಲ್ಲಿ ಮಲಗಿದ್ದರು. ಎಕ್ಸ್‌ರೇ ತೆಗೆಯುವ ಕೋಣೆ ಕೆಳಗೆ. ಲಿಫ್ಟು ಕೆಟ್ಟಿತ್ತು. ಸ್ಟ್ರೆಚರಿನಲ್ಲಿ ಇಳಿಸೋಣವೆಂದರೆ ಮೆಟ್ಟಿಲಿನ ತಿರುವಿನಲ್ಲಿ ಅದು ತಿರುಗಲೊಲ್ಲದು. ಕಡೆಗೆ ಇಬ್ಬರು ವಾರ್ಡ್ ಬಾಯ್‌ಗಳೂ ಮಗನೂ ನಾವೂ ಸೇರಿ ಹಾಸಿಗೆಯ ಚಾದರವನ್ನೇ ಜೋಲಿ ಮಾಡಿ ಅವರನ್ನು ಹೊತ್ತು ತಂದೆವು. ಆ ನೋವಿನಲ್ಲೂ ಆ ತಾಯಿ, "ನಿಧಾನ ಕಣ್ರಪ್ಪಾ, ನೀವು ಬಿದ್ದೀರಿ" ಎನ್ನುತ್ತಿದ್ದರು.

ಹಿಂಬದಿಯಲ್ಲಿ ಇನ್ನೊಂದು ಮೆಟ್ಟಿಲು ಇತ್ತು. ಬಾಗಿಲಿಗೆ ಬೀಗ. ಗಾಜಿನಲ್ಲಿ ಇಣುಕಿದರೆ ಮುರಿದ ಮಂಚಗಳು, ಔಷಧಿಯ ರಟ್ಟಿನ ಪೆಟ್ಟಿಗೆಗಳು. "ಬೀಗದ ಕೈ ಯಾರ ಹತ್ತಿರ?" ಎಂದು ಕೇಳಿದೆವು. "ವಾಚ್‌ಮನ್ ಹತ್ತಿರ ಸಾರ್, ಊಟಕ್ಕೆ ಹೋಗಿದ್ದಾನೆ" ಎಂಬ ಉತ್ತರ ಬಂತು.

ಆ ದಿನ ಅಲ್ಲಿ ಬೆಂಕಿ ಬೀಳಲಿಲ್ಲ, ಅಷ್ಟೆ. ದಿಂಡಿಗಲ್ಲಿನಲ್ಲಿ ಬಿತ್ತು. 2024ರ ಡಿಸೆಂಬರ್ 12ರ ರಾತ್ರಿ ಅಲ್ಲಿನ ಒಂದು ಖಾಸಗಿ ಮೂಳೆ ಆಸ್ಪತ್ರೆಯಲ್ಲಿ ಬೆಂಕಿ ಕಾಣಿಸಿಕೊಂಡು, ಒಂದು ಮಗುವೂ ಸೇರಿ ಆರು ಮಂದಿ ಸತ್ತರು. ಅವರು ಲಿಫ್ಟಿನೊಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದರೆಂದು ಪತ್ರಿಕೆಗಳು ಬರೆದವು. ಅದಕ್ಕೆ ಸುಮಾರು ಒಂದು ತಿಂಗಳ ಮುಂಚೆ, ನವೆಂಬರ್ 15ರಂದು, ಝಾನ್ಸಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಹಸುಗೂಸುಗಳ ವಾರ್ಡು ಹೊತ್ತಿ ಉರಿದು ಆ ರಾತ್ರಿಯೇ ಹತ್ತು ಕೂಸುಗಳು ಹೋದವು. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾದಲ್ಲಿಯೂ ಹತ್ತು ಕೂಸುಗಳು ಹೀಗೆಯೇ ಹೋಗಿದ್ದವು. 2011ರ ಡಿಸೆಂಬರ್ 9ರಂದು ಕಲ್ಕತ್ತೆಯ ಒಂದು ಪ್ರಸಿದ್ಧ ಖಾಸಗಿ ಆಸ್ಪತ್ರೆಯಲ್ಲಿ ಸತ್ತವರು ತೊಂಬತ್ತರ ಹತ್ತಿರ. ಅಲ್ಲಿ ವಾಹನ ನಿಲ್ಲಿಸಲೆಂದು ಇದ್ದ ನೆಲಮಾಳಿಗೆ ಸಾಮಾನು ತುಂಬುವ ಉಗ್ರಾಣವಾಗಿತ್ತು. ಬಹುಮಂದಿಯನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ.

ಪ್ರತಿ ಸಲವೂ ಅದೇ ಕ್ರಮ: ಸಂತಾಪ, ಪರಿಹಾರಧನ, ತನಿಖಾ ಸಮಿತಿ, ಒಂದು ವಾರ ಎಲ್ಲ ಆಸ್ಪತ್ರೆಗಳ ತಪಾಸಣೆ, ಆಮೇಲೆ ಮೌನ. ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ಗಾದೆ ಹಾಸ್ಯ ಮಾಡುತ್ತದೆ. ನಮ್ಮವರು ಬೆಂಕಿ ಆರಿದ ಮೇಲೆ ಬಾವಿಗೆ ಗುದ್ದಲಿಪೂಜೆ ಮಾಡಿ ಮನೆಗೆ ಹೋಗುತ್ತಾರೆ.

ತಿಳಿವಳಿಕೆ ಇಲ್ಲದೆ ಹೀಗಾಗುತ್ತಿದೆಯೆ? ಇಲ್ಲ. ತಿಳಿವಳಿಕೆ ಅಚ್ಚಾಗಿ ಪುಸ್ತಕವಾಗಿಯೇ ಇದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಹೊರಬಂತು. 1983ರಲ್ಲಿ, 2005ರಲ್ಲಿ, 2016ರಲ್ಲಿ ಪರಿಷ್ಕೃತವಾಯಿತು. ಅದರ ನಾಲ್ಕನೆಯ ಭಾಗವೆಲ್ಲ ಬೆಂಕಿಯಿಂದ ಜೀವರಕ್ಷಣೆಯ ವಿಚಾರ. ಆಸ್ಪತ್ರೆಗಳ ಬಗ್ಗೆ ಅದು ಹೇಳುವ ಮುಖ್ಯ ತತ್ವವನ್ನು ವಿಜ್ಞಾನದ ಪದವಿ ಓದಿ ಗುಮಾಸ್ತರಾದ ನಾವು ಓದಿದಾಗ ಇಷ್ಟು ಸರಳವೆ ಎನಿಸಿತು. ಕಛೇರಿಯಲ್ಲಿ ಬೆಂಕಿ ಬಿದ್ದರೆ ನಾವೆಲ್ಲ ಕಾಲಿಗೆ ಬುದ್ಧಿ ಹೇಳಬಹುದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವವನು, ಉಸಿರಾಟದ ಯಂತ್ರಕ್ಕೆ ಜೋಡಿಸಿಕೊಂಡವನು, ಪೆಟ್ಟಿಗೆಯೊಳಗಿನ ಕೂಸು ಓಡುವಂತಿಲ್ಲ. ಆದ್ದರಿಂದ ರೋಗಿಯನ್ನು ಮೊದಲು ಕೆಳಕ್ಕಲ್ಲ, ಪಕ್ಕಕ್ಕೆ ಸಾಗಿಸಬೇಕು. ಪ್ರತಿಯೊಂದು ಮಹಡಿಯನ್ನೂ ಬೆಂಕಿ ಹೊಗೆಗಳನ್ನು ತಡೆಯುವ ಗೋಡೆ ಬಾಗಿಲುಗಳಿಂದ ಭಾಗ ಮಾಡಿರಬೇಕು. ಈ ಭಾಗದಲ್ಲಿ ಬೆಂಕಿ ಬಿದ್ದರೆ ಮಂಚದ ಸಮೇತ ಅದೇ ಮಹಡಿಯ ಆ ಭಾಗಕ್ಕೆ ತಳ್ಳಿ ಬಾಗಿಲು ಮುಚ್ಚುವುದು. ಆಮೇಲೆ ಸಾವಕಾಶವಾಗಿ ಇಳಿಸುವುದು. ಮಂಚ ಉರುಳುವಷ್ಟು ಅಗಲದ ಓಣಿ, ಮಂಚ ತಿರುಗುವಷ್ಟು ಅಗಲದ ತಿರುವು ಬೇಕೆಂಬುದು ಇದರಿಂದಲೇ ಹುಟ್ಟಿದ ನಿಯಮ.

ಇದರ ಹಿಂದಿರುವುದು ಕಾಲೇಜಿನ ರಸಾಯನಶಾಸ್ತ್ರ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 21. ತೀವ್ರ ನಿಗಾ ಘಟಕದಲ್ಲಿ ಅದು ಸೋರಿ ಪ್ರಮಾಣ ಏರಿದರೆ, ಬೇರೆಡೆ ಹೊಗೆಯಾಡಿ ಆರಿಹೋಗಬಹುದಾದ ಕಿಡಿ ಅಲ್ಲಿ ಜ್ವಾಲೆಯಾಗುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡು ರಕ್ತದ ಹೀಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮಲಗಿದಲ್ಲೇ ಮಲಗಿರುವವನಿಗೆ ಕೆಲವು ನಿಮಿಷಗಳೇ ಸಾಕು.

ಹಾಗಾದರೆ ತೊಡಕು ಎಲ್ಲಿ? ಈ ಸಂಹಿತೆ ಕಾಯಿದೆಯಲ್ಲ, ಶಿಫಾರಸು ಮಾತ್ರ. ರಾಜ್ಯ ಸರ್ಕಾರವೂ ನಗರಸಭೆಯೂ ತಮ್ಮ ನಿಯಮಗಳಲ್ಲಿ ಅದನ್ನು ಸೇರಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಸೇರಿಸಿಕೊಳ್ಳುವಾಗ ಎಷ್ಟು ಬೇಕೋ ಅಷ್ಟೇ ಸೇರಿಸಿಕೊಳ್ಳಬಹುದು. ರಾಷ್ಟ್ರೀಯ ಸಂಹಿತೆಯಲ್ಲಿ 15 ಮೀಟರು ಮುಟ್ಟಿದ ಕಟ್ಟಡ ಎತ್ತರದ ಕಟ್ಟಡ. ತಮಿಳುನಾಡಿನ 2019ರ ಸಂಯುಕ್ತ ಕಟ್ಟಡ ನಿಯಮಗಳಲ್ಲಿ 18.30 ಮೀಟರು ದಾಟಿದರೆ ಮಾತ್ರ ಎತ್ತರದ ಕಟ್ಟಡ. ಅಂದರೆ 17 ಮೀಟರಿನ ಒಂದು ಕಟ್ಟಡ ದೆಹಲಿಯ ಪುಸ್ತಕದಲ್ಲಿ ಎತ್ತರದ್ದು, ಚೆನ್ನೈಯ ಪುಸ್ತಕದಲ್ಲಿ ಗಿಡ್ಡದ್ದು. ಕಟ್ಟಿಸುವವರಿಗೆ ಇದರಿಂದ ಅನುಕೂಲವಿರಬಹುದು. ಆದರೆ ಹೊಗೆಗೆ ರಾಜ್ಯದ ಗಡಿ ಗೊತ್ತಿಲ್ಲ.

ಇನ್ನು ಆಸ್ಪತ್ರೆಗಳ ಕಾಯಿದೆ. ತಮಿಳುನಾಡಿನ ಚಿಕಿತ್ಸಾ ಸಂಸ್ಥೆಗಳ ನಿಯಂತ್ರಣ ಕಾಯಿದೆ 1997ರದ್ದು. ಅದರ ನಿಯಮಗಳು ಬಂದದ್ದು 2018ರಲ್ಲಿ. ನಡುವೆ 21 ವರ್ಷ. ಫೈಲು ಎಂದರೇನೆಂದು ನಮಗೆ ತಿಳಿಯದ್ದಲ್ಲ. ಅನ್ನ ಹಾಕುತ್ತಿರುವುದೇ ಅದು. ಆದರೂ ಹುಟ್ಟಿದ ಮಗು ಮತದಾರನಾಗುವ ತನಕ ಒಂದು ಫೈಲು ಮಲಗಿದ್ದರೆ, ಅದು ಸಾವಧಾನವಲ್ಲ, ಅಸಡ್ಡೆ. ಇಲ್ಲಿದ್ದುಕೊಂಡು ಇಲ್ಲಿಯವರನ್ನು ಮಾತ್ರ ಬೈಯುತ್ತಿದ್ದೇವೆಂದು ಯಾರೂ ತಿಳಿಯಬಾರದು. ನಮ್ಮ ತವರಿನ ಕತೆಯೂ ಭಿನ್ನವಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತರಹೊರಟಾಗ ವೈದ್ಯರು ಮುಷ್ಕರ ಹೂಡಿದರು, ಊರೆಲ್ಲ ಗದ್ದಲವಾಯಿತು. ನಮ್ಮ ಕಿವಿಗೆ ಬಿದ್ದ ಚರ್ಚೆಯೆಲ್ಲ ದರದ ಮೇಲೆ, ಜೈಲುಶಿಕ್ಷೆಯ ಮೇಲೆ. ಮೆಟ್ಟಿಲಿನ ಅಗಲ ಯಾರ ತಲೆಯನ್ನೂ ಕೆಡಿಸಿದಂತೆ ಕಾಣಲಿಲ್ಲ.

ಕಟ್ಟಡವೂ ಚಿಕಿತ್ಸೆಯ ಒಂದು ಭಾಗವೆಂಬ ಅರಿವು ಹಿಂದಿನವರಿಗೆ ಇತ್ತು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿಯೇ ಆಸ್ಪತ್ರೆಗಳ ರಚನೆಯ ಮೇಲೆ ಪುಸ್ತಕ ಬರೆದಳು. ನಮ್ಮ ತಾಂಬರಂನ ಕ್ಷಯರೋಗದ ಸ್ಯಾನಿಟೋರಿಯಂ 1928ರಲ್ಲಿ ಊರಾಚೆ ಬಯಲಿನಲ್ಲಿ ಹುಟ್ಟಿದ್ದು ಗಾಳಿ ಬೆಳಕುಗಳೇ ಮದ್ದೆಂಬ ನಂಬಿಕೆಯಿಂದ. ಈಗ ನಾವು ಮಾಡುತ್ತಿರುವುದೇನು? ವಾಸದ ಮನೆ ಕಟ್ಟುತ್ತೇವೆ, ಬಾಡಿಗೆ ಹೆಚ್ಚು ಬರುವುದಾದರೆ ನರ್ಸಿಂಗ್ ಹೋಮ್ ಎಂಬ ಫಲಕ ತೂಗುಹಾಕುತ್ತೇವೆ. ಸರ್ಕಾರವೂ ಈ ಚಾಳಿಗೆ ಹೊರತಲ್ಲ. ಓಮಂದೂರಾರ್ ತೋಟದಲ್ಲಿ ಶಾಸನಸಭೆಗೂ ಸೆಕ್ರೆಟೇರಿಯಟ್ಟಿಗೂ ಎಂದು ಕಟ್ಟಿ 2010ರ ಮಾರ್ಚಿನಲ್ಲಿ ಪ್ರಧಾನಮಂತ್ರಿಗಳಿಂದ ಉದ್ಘಾಟನೆ ಮಾಡಿಸಿದ ಭವನವೇ 2014ರಲ್ಲಿ ಆಸ್ಪತ್ರೆಯಾಯಿತು. ಅಲ್ಲಿನ ವೈದ್ಯರ ಸೇವೆಯನ್ನು ನಾವು ಅಲ್ಲಗಳೆಯುವವರಲ್ಲ. ಬಡವರಿಗೆ ಅದು ದೊಡ್ಡ ಆಸರೆ. ನಮ್ಮ ಆಕ್ಷೇಪಣೆ ಆ ಮನೋಭಾವಕ್ಕೆ: ಯಾರಿಗಾಗಿಯೋ ಕಟ್ಟಿದ್ದು ರೋಗಿಗೂ ಆಗುತ್ತದೆ ಎಂಬುದಕ್ಕೆ.

ಬೆಂಕಿಯೊಂದೇ ಅಲ್ಲ, ನೀರೂ ಇದೆ. 2015ರ ಡಿಸೆಂಬರಿನ ಪ್ರವಾಹವನ್ನು ಈ ಊರಿನ ಯಾವ ಕನ್ನಡಿಗನೂ ಮರೆತಿಲ್ಲ. ಅಡ್ಯಾರು ನದಿ ಉಕ್ಕಿ ಮಣಪಾಕ್ಕಂನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ನುಗ್ಗಿದಾಗ ವಿದ್ಯುತ್ತು ನಿಂತಿತು. ಅಲ್ಲಿ 18 ರೋಗಿಗಳು ಮೃತರಾದರು. ಅವರು ಮೊದಲೇ ವಿಷಮ ಸ್ಥಿತಿಯಲ್ಲಿದ್ದವರೆಂದು ಆಸ್ಪತ್ರೆಯವರು ಹೇಳಿದರು, ವಿದ್ಯುತ್ತು ನಿಂತದ್ದೇ ಕಾರಣವೆಂದು ಬಂಧುಗಳು ಹೇಳಿದರು. ಆ ವಿವಾದದಲ್ಲಿ ತೀರ್ಪು ಕೊಡಲು ನಾವು ಯಾರೂ ಅಲ್ಲ. ಆದರೆ ನದಿಯ ಪಕ್ಕದ ಆಸ್ಪತ್ರೆಯಲ್ಲಿ ಜನರೇಟರು ಎಷ್ಟು ಎತ್ತರದಲ್ಲಿರಬೇಕೆಂಬುದು ವಿವಾದದ ವಿಷಯವಲ್ಲ, ಅಳತೆಯ ವಿಷಯ. ಭೂಕಂಪದ ಮಾತೂ ಹೀಗೆಯೇ. 2002ರ ಮಾನಕದಲ್ಲಿ ಚೆನ್ನೈಯನ್ನು ಎರಡನೆಯ ವಲಯದಿಂದ ಮೂರನೆಯ ವಲಯಕ್ಕೆ ಏರಿಸಿದರು. ಅದಕ್ಕೆ ಮುಂಚೆ ಕಟ್ಟಿದ ಆಸ್ಪತ್ರೆಗಳು ಈ ಬದಲಾವಣೆಯನ್ನು ತಾವಾಗಿ ಓದಿಕೊಂಡು ಗಟ್ಟಿಯಾಗುವುದಿಲ್ಲ. 2001ರಲ್ಲಿ ಭುಜ್ ನಗರದ ಸರ್ಕಾರಿ ಆಸ್ಪತ್ರೆ ಕುಸಿದು ರೋಗಿಗಳ ಮೇಲೆಯೇ ಬಿದ್ದುದನ್ನು ಇಲ್ಲಿ ನೆನೆಯಬೇಕು.

ನಮ್ಮ ಮಾತಿಗೆ ಮೂರು ಆಕ್ಷೇಪಣೆಗಳು ಬರುವುದು ಖಂಡಿತ.

ಒಂದು, ಖರ್ಚು ಹೆಚ್ಚಿ ರೋಗಿಯ ಬಿಲ್ಲಿಗೇ ಸೇರುತ್ತದೆ ಎಂಬುದು. ಸೇರಬಹುದು. ಆದರೆ ಬೀಗ ತೆಗೆಯಲು ಎಷ್ಟು ಖರ್ಚು? ಮೆಟ್ಟಿಲ ಮೇಲಿನ ಮುರಿದ ಮಂಚವನ್ನು ಗುಜರಿಗೆ ಹಾಕಿದರೆ ನಾಲ್ಕು ಕಾಸು ಹುಟ್ಟುತ್ತದೆಯೇ ಹೊರತು ಹೋಗುವುದಿಲ್ಲ.

ಎರಡು, ಸಣ್ಣ ನರ್ಸಿಂಗ್ ಹೋಮುಗಳು ಮುಚ್ಚಿಹೋಗುತ್ತವೆ ಎಂಬುದು. ಈ ಮಾತಿನಲ್ಲಿ ಸತ್ಯವಿದೆ, ನಾವು ಒಪ್ಪುತ್ತೇವೆ. ನಮ್ಮ ನಿಮ್ಮ ಮನೆಯ ಹೆರಿಗೆಗಳು ಆದದ್ದು ಅಂಥ ಕಡೆಯಲ್ಲೇ. ಹತ್ತು ಮಂಚದ ಆಸ್ಪತ್ರೆಯ ಮೇಲೆ ಐನೂರು ಮಂಚದ ಆಸ್ಪತ್ರೆಯ ಹೊರೆ ಹೊರಿಸುವುದು ಅನ್ಯಾಯ. ಹಾಗೆ ಹೊರಿಸಬೇಕಾಗಿಯೂ ಇಲ್ಲ. ಭಾರತೀಯ ಮಾನಕ ಸಂಸ್ಥೆಯವರು 30 ಮಂಚದವರೆಗಿನ ಆಸ್ಪತ್ರೆಗೆ 1988ರಲ್ಲಿಯೇ ಬೇರೆ ಮಾನಕ ಮಾಡಿದರು. 100 ಮಂಚದವರೆಗಿನದಕ್ಕೆ 2001ರಲ್ಲಿ ಇನ್ನೊಂದು. ಗಾತ್ರಕ್ಕೆ ತಕ್ಕ ನಿಯಮ, ನಿಯಮಕ್ಕೆ ತಕ್ಕ ಕಾಲಾವಕಾಶ, ಬೇಕಾದವರಿಗೆ ಬ್ಯಾಂಕಿನ ಸಾಲ ಇವನ್ನು ಕೊಡಿ. ಆದರೆ "ಹಳೆಯ ಕಟ್ಟಡ" ಎಂಬ ಒಂದೇ ಮಾತಿನಿಂದ ಶಾಶ್ವತ ವಿನಾಯಿತಿ ಕೊಡಬೇಡಿ. 2022ರ ಏಪ್ರಿಲ್ 27ರಂದು ನಮ್ಮ ಸೆಂಟ್ರಲ್ ಸ್ಟೇಷನ್ನಿನ ಎದುರಿನ ಜನರಲ್ ಆಸ್ಪತ್ರೆಯ ಹಳೆಯ ಶಸ್ತ್ರಚಿಕಿತ್ಸಾ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಒಂದು ಜೀವವೂ ಹೋಗಲಿಲ್ಲ. ರೋಗಿಗಳನ್ನು ಹೊತ್ತು ಹೊರಗೆ ತಂದವರಿಗೆ ನಮ್ಮ ನಮಸ್ಕಾರ. ಆದರೆ ಪ್ರತಿ ಸಲವೂ ಮನುಷ್ಯರ ಧೈರ್ಯವೇ ಕಟ್ಟಡದ ಕೊರತೆಯನ್ನು ತುಂಬಲೆಂದು ನಿರೀಕ್ಷಿಸುವುದು ಆಡಳಿತವಲ್ಲ.

ಮೂರು, ಹೊಸ ನಿಯಮವೆಂದರೆ ಇನ್‌ಸ್ಪೆಕ್ಟರಿಗೆ ಹೊಸ ಮಾಮೂಲು ಎಂಬುದು. ಸರ್ಕಾರಿ ನೌಕರರಾದ ನಾವು ಇದಕ್ಕೆ ತಲೆ ತಗ್ಗಿಸುತ್ತಲೇ ಉತ್ತರ ಹೇಳುತ್ತೇವೆ. ಲಂಚ ಬೆಳೆಯುವುದು ನಿಯಮದಿಂದಲ್ಲ, ನಿಯಮ ಯಾರಿಗೂ ಕಾಣದಿರುವುದರಿಂದ. ನಮ್ಮ ಉಡುಪಿ ಹೋಟಲಿನವರು ಲೈಸೆನ್ಸನ್ನು ಗಲ್ಲಾದ ಹಿಂದೆ ಗಾಜು ಹಾಕಿಸಿ ತೂಗುಹಾಕುತ್ತಾರೆ. ಎರಡು ಇಡ್ಲಿ ತಿಂದು ಹೋಗುವವನಿಗೆ ಅದನ್ನು ನೋಡುವ ಹಕ್ಕಿದೆಯೆಂದರೆ, ಎದೆ ಕೊಯ್ಯಿಸಿಕೊಳ್ಳಲು ಬಂದವನಿಗೆ ಆಸ್ಪತ್ರೆಯ ತಪಾಸಣಾ ವರದಿಯನ್ನು ನೋಡುವ ಹಕ್ಕು ಬೇಡವೆ?

ಹೊರದೇಶದಲ್ಲಿ ಏನು ಮಾಡುತ್ತಾರೆ? ಅಮೆರಿಕದಲ್ಲಿ ಆಸ್ಪತ್ರೆಯ ಕಟ್ಟಡಗಳ ಸಾಮಾನ್ಯ ಮಾನಕಗಳು 1947ರಲ್ಲಿ ಹೊರಬಂದವು. ಅವುಗಳ ಸಂತತಿಯಾದ ಮಾರ್ಗಸೂಚಿಗಳು ಈಗ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕಾರಗೊಳ್ಳುತ್ತವೆ: 2010, 2014, 2018, 2022. ಅಲ್ಲಿಯೂ ರಾಜ್ಯಗಳು ಅಂಗೀಕರಿಸಿದರೆ ಮಾತ್ರ ಅವಕ್ಕೆ ಬಲ. ಅಲ್ಲಿಯೂ ಹಿಂದುಳಿದ ರಾಜ್ಯಗಳಿವೆ. ಆದರೆ ಪುಸ್ತಕ ಹಳಸದಂತೆ ನೋಡಿಕೊಳ್ಳುವ ಕ್ರಮವೊಂದು ಅಲ್ಲಿದೆ. ನಮ್ಮಲ್ಲಿ 1983ಕ್ಕೂ 2005ಕ್ಕೂ ನಡುವೆ 22 ವರ್ಷ ಕಳೆಯಿತು.

ಶಿಫಾರಸು ಬೇರೆ, ಕಡ್ಡಾಯ ಬೇರೆ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟೇ ಎತ್ತಿ ಹೇಳಿದೆ. ಅಂಗವಿಕಲರಿಗೆ ಕಟ್ಟಡಗಳು ಸುಗಮವಾಗಿರಬೇಕೆಂಬ ಮೊಕದ್ದಮೆಯಲ್ಲಿ, 2024ರ ನವೆಂಬರಿನಲ್ಲಿ, ಬರಿಯ ಮಾರ್ಗಸೂಚಿಗಳು ಸಾಲವು, ಕನಿಷ್ಠ ಕಡ್ಡಾಯ ಮಾನಕಗಳನ್ನು ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಗಾಲಿಕುರ್ಚಿಯವನಿಗೆ ಸಲ್ಲುವ ನ್ಯಾಯ ಸ್ಟ್ರೆಚರಿನವನಿಗೂ ಸಲ್ಲಬೇಕಲ್ಲವೆ?

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕು. ರಾಷ್ಟ್ರೀಯ ಸಂಹಿತೆಯಲ್ಲಿ ಆಸ್ಪತ್ರೆಗಳಿಗೆ ಸಂಬಂಧಿಸಿದ ಅಂಶಗಳನ್ನು, 15 ಮೀಟರಿನ ಗೆರೆಯೂ ಸೇರಿದಂತೆ, ರಾಜ್ಯದ ನಿಯಮಗಳಲ್ಲಿ ಪೂರ್ತಿಯಾಗಿ ಕಡ್ಡಾಯಗೊಳಿಸಬೇಕು. ಸಂಹಿತೆ ಪರಿಷ್ಕಾರವಾದಾಗಲೆಲ್ಲ ರಾಜ್ಯದ ನಿಯಮವೂ ಗೊತ್ತಾದ ಅವಧಿಯೊಳಗೆ ಬದಲಾಗಬೇಕು. ಹಳೆಯ ಕಟ್ಟಡಗಳಲ್ಲಿ ಬೀಗ, ಉಗ್ರಾಣ, ವಿದ್ಯುತ್ ತಂತಿ ಇವುಗಳ ಸುಧಾರಣೆ ಕೂಡಲೆ ಆಗಬೇಕು. ಗೋಡೆ, ಮೆಟ್ಟಿಲು, ಜನರೇಟರುಗಳಿಗೆ ಕಂತಿನ ಗಡುವು ಇರಬೇಕು. ತಪಾಸಣಾ ವರದಿಯನ್ನು ಆಸ್ಪತ್ರೆಯ ಬಾಗಿಲಲ್ಲೇ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ತೂಗುಹಾಕಬೇಕು.

ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂರುವುದು ಸಂಘದ ಸದಸ್ಯರಿಗೆ ಶೋಭಿಸದು. ನಮ್ಮಲ್ಲಿ ಹಲವರು ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಫಲಾನುಭವಿಗಳು. ಆ ಯೋಜನೆಯಲ್ಲಿ ಎನ್.ಎ.ಬಿ.ಎಚ್. ಮಾನ್ಯತೆ ಇಲ್ಲದ ಆಸ್ಪತ್ರೆಗೆ ದರ ಕಡಿಮೆ. ಹಣದ ಹಗ್ಗ ಎಳೆದರೆ ಆಸ್ಪತ್ರೆ ಸರಿದಾರಿಗೆ ಬರುತ್ತದೆಂದು ಸರ್ಕಾರಕ್ಕೂ ಗೊತ್ತು ಎಂದಾಯಿತು. ಕಟ್ಟಡದ ತಪಾಸಣಾ ವರದಿಯಿಲ್ಲದ ಆಸ್ಪತ್ರೆಯನ್ನು ಪಟ್ಟಿಗೇ ಸೇರಿಸಬೇಡಿ ಎಂದು ನಮ್ಮ ನೌಕರರ ಸಂಘಗಳು ಬರೆಯಲಿ. ಆಸ್ಪತ್ರೆಗಳಿಗೆ ಹಿರಿಯರ ಹೆಸರಿನಲ್ಲಿ ಕೋಣೆ ಕಟ್ಟಿಸಿಕೊಡುವ ದಾನಿಗಳು ನಮ್ಮಲ್ಲಿದ್ದಾರೆ. ಅಮೃತಶಿಲೆಯ ಫಲಕಕ್ಕೆ ಮುಂಚೆ ಅವರು ಹಿಂದಿನ ಮೆಟ್ಟಿಲನ್ನು ಒಮ್ಮೆ ಹತ್ತಿ ನೋಡಲಿ.

ಮುಂದಿನ ಸಲ ಬಂಧುಗಳನ್ನು ನೋಡಲು ಕಿತ್ತಲೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದಾಗ ವಾಚಕರು ಒಂದು ಕೆಲಸ ಮಾಡಬೇಕು. ಓಣಿಯ ಕೊನೆಯವರೆಗೆ ನಡೆದು ಆ ಬಾಗಿಲನ್ನು ತಳ್ಳಿ ನೋಡಿ. ತೆರೆಯದಿದ್ದರೆ ಮ್ಯಾನೇಜರನ್ನು ಕೇಳಿ: ಬೀಗದ ಕೈ ಯಾರ ಹತ್ತಿರ? ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿ. ಒಳಗೆ ಮಲಗಿರುವವರಿಗೆ ಎದ್ದು ಬಂದು ಕೇಳುವ ಶಕ್ತಿಯಿಲ್ಲ.