ಮಂಗಳವಾರ ರಾತ್ರಿ ಫೋಟೋ ಬರುತ್ತೆ, ಆಕಾಶ ಬರಲ್ಲ

ಬರುವ ಮಂಗಳವಾರ, ಅಂದರೆ 2022ರ ಜುಲೈ 12ರ ರಾತ್ರಿ ಎಂಟು ಗಂಟೆಗೆ ಫೋನ್ ಕೈಯಲ್ಲೇ ಇಟ್ಟುಕೊಂಡಿರಿ. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನ ಮೊದಲ ಪೂರ್ಣ ಬಣ್ಣದ ಚಿತ್ರಗಳು ಹೊರಬೀಳುವುದು ಆಗಲೇ. ಅಮೆರಿಕದಲ್ಲಿ ಅದು ಬೆಳಿಗ್ಗೆ ಹತ್ತೂವರೆ, ನಮಗೆ ಊಟದ ಹೊತ್ತು. ಎಂಟೂವರೆಯೊಳಗೆ ನಿಮ್ಮ ಎಲ್ಲಾ ವಾಟ್ಸಾಪ್ ಗುಂಪಿಗೂ ಬಂದಿರುತ್ತೆ. ಮರುದಿನ ಗುರುಪೂರ್ಣಿಮೆ. ಬೆಳಿಗ್ಗೆ ಶುಭಾಶಯಗಳು ಶುರುವಾದರೆ ಈ ಚಿತ್ರಗಳು ಎಲ್ಲೋ ಮೇಲಕ್ಕೆ ಸರಿದುಹೋಗಿರುತ್ತವೆ. ಹಾಗೆ ಆಗಬಾರದು ಅಂತಲೇ ಈ ವಾರದ ಅಂಕಣ.

ನಮ್ಮದೊಂದು ಸಣ್ಣ ಗುಂಪಿದೆ. ಸಿಂಧನೂರಿನಿಂದ ನಾನು ಮತ್ತೆ ಇಬ್ಬರು, ಲಿಂಗಸುಗೂರಿನ ಒಬ್ಬ ಹೈಸ್ಕೂಲ್ ಮಾಸ್ತರು ಮತ್ತು ಅವರ ಹಳೇ ಹುಡುಗರು, ಮಸ್ಕಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಒಬ್ಬ ಅಣ್ಣ. 2020ರ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು ಆಕಾಶದಲ್ಲಿ ಒಂದಕ್ಕೊಂದು ಅಂಟಿದ ಹಾಗೆ ಕಂಡವಲ್ಲ, ಅವತ್ತು ಸೇರಿದವರು. ಅಷ್ಟು ಹತ್ತಿರ ಅವು ಮತ್ತೆ ಬರೋದು 2080ಕ್ಕೆ. ಒಂದೇ ಟೆಲಿಸ್ಕೋಪಿನಲ್ಲಿ ಶನಿಯ ಉಂಗುರ, ಗುರುವಿನ ಚಂದ್ರರು ಎರಡನ್ನೂ ಒಟ್ಟಿಗೆ ನೋಡಿದ ಮೇಲೆ ಯಾರೂ ಸುಮ್ಮನೆ ಮನೆಗೆ ಹೋಗಲಿಲ್ಲ. ಮಸ್ಕಿ ನಮ್ಮ ಎರಡು ಊರಿಗೂ ಮಧ್ಯದಲ್ಲಿದೆ, ಹಾಗಾಗಿ ಅಲ್ಲಿನ ಒಂದು ಹೊಲವೇ ನಮ್ಮ ಅಡ್ಡಾ. ಸಾಧನ ಅಂತ ಇರೋದು ಆರು ಇಂಚಿನ ಕನ್ನಡಿಯ ಒಂದು ಟೆಲಿಸ್ಕೋಪ್. ವೆಬ್‌ನ ಕನ್ನಡಿ ಆರೂವರೆ ಮೀಟರ್. ಅದು ಹಿಡಿಯುವ ಬೆಳಕು ನಮ್ಮದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು.

ಈ ಗುಂಪಿನಲ್ಲಿ ಕಳೆದ ಆರು ತಿಂಗಳಿಂದ ಮಾತು ಬರೀ ವೆಬ್ ಮೇಲೆಯೇ. ಸಾಫ್ಟ್‌ವೇರ್‌ನವರಿಗೆ ಈ ಆತಂಕ ಬೇಗ ಅರ್ಥ ಆಗುತ್ತೆ. ಇದು ರೋಲ್‌ಬ್ಯಾಕ್ ಇಲ್ಲದ ರಿಲೀಸ್. 1990ರಲ್ಲಿ ಹಬಲ್ ಮೇಲೆ ಹೋದಾಗ ಕನ್ನಡಿಯ ಆಕಾರದಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣ ದೋಷ ಇತ್ತು, ಚಿತ್ರಗಳೆಲ್ಲ ಮಸುಕು. ಅದು ನೆಲದಿಂದ ಐನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿತ್ತು, 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿ ಬಂದರು. ವೆಬ್ ಇರೋದು 15 ಲಕ್ಷ ಕಿಲೋಮೀಟರ್ ದೂರ. ಅಲ್ಲಿಗೆ ಮೆಕ್ಯಾನಿಕ್ ಹೋಗೋ ಮಾತೇ ಇಲ್ಲ. ಮಡಿಚಿ ಕಳಿಸಿದ ಟೆಲಿಸ್ಕೋಪ್ ತಾನಾಗೇ ಬಿಚ್ಚಿಕೊಳ್ಳಬೇಕು, ಅದರಲ್ಲಿ 344 ಕಡೆ, ಒಂದು ಕೈಕೊಟ್ಟರೂ ಇಡೀ ಯೋಜನೆಗೇ ಸಂಚಕಾರ. 2021ರ ಡಿಸೆಂಬರ್ 25ಕ್ಕೆ ಹಾರಿತು. ಟೆನಿಸ್ ಕೋರ್ಟಿನಷ್ಟು ದೊಡ್ಡ, ಐದು ಪದರದ ಬಿಸಿಲ ಪರದೆ ಬಿಚ್ಚಿಕೊಂಡಿತು. 18 ತುಂಡಿನ ಕನ್ನಡಿ ಒಂದಾಯಿತು. ಮೊನ್ನೆ ಮೇ ತಿಂಗಳಲ್ಲಿ ಮರಳಿನ ಕಣದಂಥದ್ದೊಂದು ಬಂದು ಕನ್ನಡಿಯ ಒಂದು ತುಂಡಿಗೆ ಬಡಿಯಿತು, ಅದನ್ನೂ ಸುಧಾರಿಸಿಕೊಂಡಿದೆ. ಮೊದಲ ಲೆಕ್ಕದಲ್ಲಿ ಇದು 2007ಕ್ಕೇ ಹಾರಬೇಕಿತ್ತು. ಆಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ.

ನಮ್ಮ ಕಡೆಯವರಿಗೆ ಇಷ್ಟವಾಗುವ ಒಂದು ಲೆಕ್ಕ ಹೇಳ್ತೀನಿ. ಆ ಕನ್ನಡಿಗೆ ಬಂಗಾರದ ಲೇಪ ಇದೆ. ಒಟ್ಟು 48.25 ಗ್ರಾಂ. ಹತ್ತು ಗ್ರಾಮಿಗೆ ಒಂದು ತೊಲಿ ಅಂತ ಹಿಡಿದರೆ ಐದು ತೊಲಿಗೂ ಕಡಿಮೆ. ನಮ್ಮಲ್ಲಿ ಒಂದು ಮದುವೆಗೆ ಹಾಕೋ ಬಂಗಾರದಲ್ಲಿ ಒಂದು ಕನ್ನಡಿ ಪೂರ್ತಿ ಆಗಿ ಇನ್ನೂ ಉಳಿಯುತ್ತೆ! ಹಟ್ಟಿ ಚಿನ್ನದ ಗಣಿ ಇರೋದು ಲಿಂಗಸುಗೂರು ತಾಲ್ಲೂಕಿನಲ್ಲೇ, ಹಾಗಾಗಿ ಮಾಸ್ತರ ಹುಡುಗರಿಗೆ ಇದು ಬಾಯಿಪಾಠ. ಬಂಗಾರ ಯಾಕೆ ಅಂದರೆ, ಅದು ಅವಗೆಂಪು ಬೆಳಕನ್ನು ಬಹಳ ಚೆನ್ನಾಗಿ ಪ್ರತಿಫಲಿಸುತ್ತೆ. ಅವಗೆಂಪು ಅಂದರೆ ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಬೆಳಕು. ಟಿವಿ ರಿಮೋಟಿನಿಂದ ಹೊರಡುವುದೂ ಅದೇ ಜಾತಿಯ ಬೆಳಕು. ಬಹಳ ದೂರದ ಗೆಲಾಕ್ಸಿಗಳಿಂದ ಕೋಟಿ ಕೋಟಿ ವರ್ಷ ಪ್ರಯಾಣ ಮಾಡಿದ ಬೆಳಕು, ವಿಶ್ವ ಹಿಗ್ಗುತ್ತಾ ಹೋದಂತೆ ತಾನೂ ಹಿಗ್ಗಿ ಅವಗೆಂಪಾಗಿ ನಮಗೆ ತಲುಪುತ್ತೆ. ಧೂಳಿನ ಮೋಡದೊಳಗೆ ಹುಟ್ಟುತ್ತಿರುವ ನಕ್ಷತ್ರಗಳೂ ಈ ಬೆಳಕಿನಲ್ಲಿ ಕಾಣುತ್ತವೆ.

ಹಾಗಾದರೆ ಮಂಗಳವಾರದ ಬಣ್ಣಗಳು ಸುಳ್ಳಾ? ಈ ಪ್ರಶ್ನೆ ಖಂಡಿತ ಬರುತ್ತೆ, ಉತ್ತರ ಈಗಲೇ ಇಟ್ಟುಕೊಳ್ಳಿ. ಟೆಲಿಸ್ಕೋಪ್ ಕಳಿಸೋದು ಬೇರೆ ಬೇರೆ ಫಿಲ್ಟರಿನಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು. ಅದರಲ್ಲಿ ಗಿಡ್ಡ ಅಲೆಯ ಬೆಳಕಿಗೆ ನೀಲಿ, ಉದ್ದ ಅಲೆಯದಕ್ಕೆ ಕೆಂಪು ಅಂತ ಕ್ರಮವಾಗಿ ಬಣ್ಣ ಕೊಡುತ್ತಾರೆ. ಅದೊಂದು ರೀತಿ ಅನುವಾದ, ಕಟ್ಟುಕತೆ ಅಲ್ಲ. ಇನ್ನೊಂದು ಮಜಾ ಏನಂದ್ರೆ, ಸಾವಿರ ಕೋಟಿ ಡಾಲರಿನ ಈ ಟೆಲಿಸ್ಕೋಪಿನ ಸ್ಟೋರೇಜ್ ಬರೀ 68 ಜಿಬಿ. ನಿಮ್ಮ ಫೋನಿಗಿಂತ ಕಮ್ಮಿ ಇರಬಹುದು. ದಿನಕ್ಕೆ ಸುಮಾರು 57 ಜಿಬಿ ಭೂಮಿಗೆ ಇಳಿಸಿ, ಜಾಗ ಖಾಲಿ ಮಾಡಿಕೊಂಡು ಮುಂದಿನ ಕೆಲಸ.

ಮೊನ್ನೆ ಶುಕ್ರವಾರ ನಾಸಾ ಐದು ಗುರಿಗಳ ಪಟ್ಟಿ ಕೊಟ್ಟಿತು. ಮಾಸ್ತರು ತಕ್ಷಣ ಗುಂಪಿಗೆ ಮೆಸೇಜ್ ಹಾಕಿದರು: "ಇವು ಐದೂ ನಮ್ಮೂರಿಂದ ಎಲ್ಲಿ ಅದಾವ ನೋಡ್ರಿ ಮೊದಲ. ಫೋಟೋ ಆಮೇಲೆ." ಕೂತು ಲೆಕ್ಕ ಹಾಕಿದೆವು.

ಕ್ಯಾರಿನಾ ನೀಹಾರಿಕೆ ಸುಮಾರು 7,600 ಜ್ಯೋತಿರ್ವರ್ಷ ದೂರ. ಅಗಸ್ತ್ಯ ನಕ್ಷತ್ರ ಇರುವ ರಾಶಿಯಲ್ಲೇ ಅದೂ ಇರೋದು. ಏಪ್ರಿಲ್ ತಿಂಗಳ ರಾತ್ರಿ ದಕ್ಷಿಣ ದಿಗಂತದ ಹತ್ತಿರ ನಮಗೆ ಸಿಗುತ್ತೆ, ಈಗ ಹೊತ್ತು ಮುಳುಗುತ್ತಿದ್ದಂತೆ ಅದೂ ಇಳಿದುಬಿಡುತ್ತೆ. ಸದರ್ನ್ ರಿಂಗ್ ಅನ್ನುವುದು ಸಾಯುತ್ತಿರುವ ನಕ್ಷತ್ರವೊಂದು ಉಗುಳಿದ ಹೊಗೆಯುಂಗುರ. ಈ ಬೇಸಿಗೆಯಲ್ಲಿ ಮಸ್ಕಿಯ ಹೊಲದಿಂದ ಅದನ್ನು ಒಂದು ಮಬ್ಬು ಚುಕ್ಕೆಯಾಗಿ ನೋಡಿದ್ದೇವೆ. ವಾಸ್ಪ್-96ಬಿ ಬೇರೊಂದು ಸೂರ್ಯನ ಸುತ್ತ ತಿರುಗುವ ಅನಿಲ ಗ್ರಹ, ಅದರ ಚಿತ್ರ ಬರಲ್ಲ, ವಾತಾವರಣದ ಬೆಳಕಿನ ವಿಶ್ಲೇಷಣೆ ಬರುತ್ತೆ. ಎಸ್‌ಮ್ಯಾಕ್ಸ್ 0723 ಅನ್ನೋ ಗೆಲಾಕ್ಸಿ ಗುಂಪು ಎಷ್ಟು ದಕ್ಷಿಣಕ್ಕಿದೆ ಅಂದರೆ ಸಿಂಧನೂರಿನಲ್ಲಿ ಅದು ದಿಗಂತದಿಂದ ಒಂದು ಡಿಗ್ರಿಯೂ ಮೇಲೇಳಲ್ಲ. ಐದನೆಯದು ಸ್ಟೀಫನ್ಸ್ ಕ್ವಿಂಟೆಟ್, ಐದು ಗೆಲಾಕ್ಸಿಗಳು ಒಟ್ಟಿಗೆ ಕಾಣುವ ಜಾಗ. ನಾಲ್ಕು ಸುಮಾರು 29 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ, ಐದನೆಯದು ಅಡ್ಡಬಂದ ಹತ್ತಿರದ ಗೆಲಾಕ್ಸಿ. ಇದು ನಮ್ಮ ಪೂರ್ವಾಭಾದ್ರಾ ನಕ್ಷತ್ರದಿಂದ ಸ್ವಲ್ಪವೇ ಆಚೆ, ಈ ಜುಲೈ ತಿಂಗಳಲ್ಲೇ ಮಧ್ಯರಾತ್ರಿ ಪೂರ್ವದಲ್ಲಿ ಇರುತ್ತೆ.

ನಕ್ಷತ್ರದ ಹೆಸರು ಬಂದ ಕೂಡಲೇ ತಾತ ಮಾತಿಗೆ ಬಂದರು. ಈಗ ನಡೆಯುತ್ತಿರುವುದು ಪುನರ್ವಸು ಮಳೆ. ಕಾಲುವೆಗೆ ನೀರು ಯಾವಾಗ, ನೆಲ್ಲು ನಾಟಿ ಯಾವಾಗ ಅನ್ನೋದೇ ಮನೆಯಲ್ಲಿ ಮಾತು.

"ತಾತ, ಪುನರ್ವಸು ಯಾವ ಚಿಕ್ಕಿ, ತೋರ್ಸು ನೋಡೋಣ" ಅಂದೆ.

"ಈಗೆಲ್ಲಿ ಕಾಣ್ತದಪ ಅದು? ಹೊತ್ತಿನ ಜೋಡೀನ ಹುಟ್ಟಿ ಹೊತ್ತಿನ ಜೋಡೀನ ಮುಳುಗ್ತದ."

ನಾನು ಆಪ್ ತೆಗೆದು ನೋಡಿದೆ. ನಿಜ. ಸೂರ್ಯ ಯಾವ ನಕ್ಷತ್ರದ ಜೊತೆ ಇರುತ್ತಾನೋ ಆ ಮಳೆಗೆ ಅದರ ಹೆಸರು. ಅಂದರೆ ಯಾವ ನಕ್ಷತ್ರದ ಹೆಸರಲ್ಲಿ ಮಳೆ ಬರುತ್ತೋ, ಆಗ ಆ ನಕ್ಷತ್ರ ಕಾಣುವುದೇ ಇಲ್ಲ. ಪುನರ್ವಸು ರಾತ್ರಿಯಿಡೀ ಕಾಣೋದು ಜನವರಿಯಲ್ಲಿ. ಕಾಣದ ನಕ್ಷತ್ರ ಎಲ್ಲಿದೆ ಅಂತ ಗೊತ್ತಿದ್ದವರು ಇಟ್ಟ ಹೆಸರು ಇವು. ತಾತನ ಕಣ್ಣಿಗೆ ಪೊರೆ ಬಂದಿದೆ, ಈಗ ಅವರಿಗೆ ಚಂದ್ರ ಬಿಟ್ಟು ಬೇರೆ ಕಾಣಲ್ಲ. ಆದರೆ ಯಾವ ದಿಕ್ಕಿಗೆ ಯಾವುದು ಅನ್ನೋದು ಅವರಿಗೆ ನೆನಪಿನಲ್ಲೇ ಇದೆ. ನಮಗೆ ಕಣ್ಣು ಚೆನ್ನಾಗಿದೆ, ದಿಕ್ಕೇ ಗೊತ್ತಿಲ್ಲ.

ಚಿತ್ರ ಒಂದಿದ್ದರೆ ಸಾಲದು, ಅದು ಯಾವುದರದ್ದು, ಎಲ್ಲಿಯದು ಅಂತ ಗೊತ್ತಾಗಬೇಕು ಅನ್ನೋದಕ್ಕೆ ಮಸ್ಕಿಗಿಂತ ಒಳ್ಳೆ ಉದಾಹರಣೆ ಇಲ್ಲ. ಅಶೋಕನ ಶಾಸನಗಳ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದರು. ಆದರೆ ಅವುಗಳಲ್ಲಿ ರಾಜನನ್ನು ದೇವರಿಗೆ ಪ್ರಿಯನಾದವನು ಅನ್ನೋ ಬಿರುದಿನಿಂದಲೇ ಕರೆದಿತ್ತು. ಅವನು ಅಶೋಕನೇ ಅನ್ನೋ ಅಂದಾಜು ಇತ್ತು, ಕಲ್ಲಿನ ಮೇಲೆ ಹೆಸರಿರಲಿಲ್ಲ. 1915ರಲ್ಲಿ ಚಿನ್ನ ಹುಡುಕಲು ಬಂದ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಮಸ್ಕಿಯ ಬಂಡೆ ಸಿಕ್ಕಿತು, ಅದರಲ್ಲಿ ಅಶೋಕ ಅನ್ನೋ ಹೆಸರೇ ಇತ್ತು. ಆ ಒಂದು ಹೆಸರಿನಿಂದ ದೇಶದ ಉದ್ದಗಲದ ಬಂಡೆಗಳೆಲ್ಲ ಒಬ್ಬನೇ ಮನುಷ್ಯನ ಮಾತು ಅಂತ ಖಾತ್ರಿಯಾಯಿತು.

ಇದೆಲ್ಲ ಈಗ ನನಗೆ ಯಾಕೆ ಇಷ್ಟು ತಟ್ಟುತ್ತಿದೆ ಅಂತ ಹೇಳಿಬಿಡ್ತೀನಿ. ಆಫೀಸಿನಿಂದ ಮೇಲ್ ಬಂದಿದೆ, ಆಗಸ್ಟ್‌ನಿಂದ ಬೆಂಗಳೂರಿಗೆ ವಾಪಸ್. ನಿಮ್ಮಲ್ಲೂ ಎಷ್ಟೋ ಜನಕ್ಕೆ ಬಂದಿರುತ್ತೆ. ಎರಡು ವರ್ಷ ಮನೆ ಮಾಳಿಗೆ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ತಲೆ ಎತ್ತಿದರೆ ಆಕಾಶ ಇತ್ತು. ಬೆಂಗಳೂರಿನಲ್ಲಿ ನನ್ನ ರೂಮಿನಿಂದ ಎಣಿಸಿದರೆ ಹತ್ತು ನಕ್ಷತ್ರ. ಅಲ್ಲೂ ತಾರಾಲಯ ಇದೆ, ಹವ್ಯಾಸಿ ಖಗೋಳ ಸಂಘಗಳಿವೆ, ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯೇ ಇದೆ. ಜೇಮ್ಸ್ ವೆಬ್‌ನ ಫೋಟೋ ಅಲ್ಲಿಗೂ ಅದೇ ಕ್ಷಣಕ್ಕೆ ಬರುತ್ತೆ. ಬರದೇ ಇರೋದು ಈ ಕತ್ತಲೆ ಮತ್ತು ತಾತನ ಮಾತು.

ಟೆಲಿಸ್ಕೋಪನ್ನು ಮೊದಲು ಜೊತೆಗೆ ಒಯ್ಯೋಣ ಅಂದುಕೊಂಡಿದ್ದೆ. ಈಗ ಅದು ಲಿಂಗಸುಗೂರಿನ ಮಾಸ್ತರ ಹತ್ತಿರ ಇರುತ್ತೆ ಅಂತ ತೀರ್ಮಾನ ಆಗಿದೆ. ನಾನು ಒಯ್ಯುತ್ತಿರುವುದು ಒಂದು ನೋಟ್‌ಬುಕ್, ತಾತ ಹೇಳಿದ 27 ನಕ್ಷತ್ರಗಳ ಹೆಸರು, ತಿಂಗಳು, ದಿಕ್ಕು. ಇನ್ನೂ ಹನ್ನೊಂದು ಬರೆದುಕೊಳ್ಳಬೇಕಿದೆ, ಉಳಿದಿರೋದು ಮೂರು ವಾರ. ಕೆಲಸದ ಪಾಲೂ ಹಂಚಿಕೊಂಡಿದ್ದೇವೆ. ವೆಬ್‌ನ ಆರಂಭದ ಕೆಲವು ಯೋಜನೆಗಳ ಡೇಟಾ ಬಂದ ಕೂಡಲೇ ಎಲ್ಲರಿಗೂ ಮುಕ್ತ. ನಮ್ಮದೇ ಆಸ್ಟ್ರೋಸ್ಯಾಟ್‌ನ ಹಳೆಯ ಡೇಟಾ ಕೂಡ ಮುಕ್ತವಾಗಿ ಸಿಗುತ್ತೆ. ಅದನ್ನು ಇಳಿಸಿ ಚಿತ್ರ ಮಾಡೋದು ನಾನು ಬೆಂಗಳೂರಿನಿಂದ. ಅದು ಆಕಾಶದಲ್ಲಿ ಎಲ್ಲಿ ಅಂತ ಮಕ್ಕಳಿಗೆ ತೋರಿಸೋದು ಅವರು ಮಸ್ಕಿಯಿಂದ.

ನೀವು ಎಲ್ಲೇ ಇರಿ, ಮಂಗಳವಾರ ಒಂದು ಕೆಲಸ ಮಾಡಿ. ಮೋಡ ಇರಬಹುದು, ಹುಣ್ಣಿಮೆಯ ಬೆಳದಿಂಗಳಂತೂ ಇದ್ದೇ ಇರುತ್ತೆ, ಆದರೂ ಪ್ರಯತ್ನಿಸಿ. ಮಧ್ಯರಾತ್ರಿ ದಾಟಿದ ಮೇಲೆ ಪೂರ್ವಕ್ಕೆ ನೋಡಿದರೆ ಕೆಳಗೆ ಗುರು ಗ್ರಹ ಹೊಳೆಯುತ್ತಿರುತ್ತೆ. ಅದರ ಎಡಕ್ಕೆ, ಮೇಲೆ, ನಾಲ್ಕು ನಕ್ಷತ್ರದ ದೊಡ್ಡ ಚೌಕ. ಅದೇ ಪೂರ್ವಾಭಾದ್ರಾ, ಉತ್ತರಾಭಾದ್ರಾ. ಆ ಚೌಕದಿಂದ ಇನ್ನೂ ಸ್ವಲ್ಪ ಮೇಲೆ, ಎಡಕ್ಕೆ ಬೆರಳು ಮಾಡಿ. ಏನೂ ಕಾಣಲ್ಲ. ಪಕ್ಕದಲ್ಲಿದ್ದವರಿಗೆ ಫೋನ್ ತೋರಿಸಿ, ಈ ಫೋಟೋದ ಐದು ಗೆಲಾಕ್ಸಿ ಇರೋದು ಅಲ್ಲೇ ಅಂತ ಹೇಳಿ.