ಹಳೆಯ ಹಾಸ್ಟೆಲಿನ ಹೊಸ ಗೋಡೆ ಯಾರಿಗಾಗಿ?

ಶಿಕಾರಿಪುರ ಮತ್ತು ಸೊರಬದ ಹಳ್ಳಿಗಳಿಂದ ಶಿವಮೊಗ್ಗಕ್ಕೆ ಓದಲು ಬರುತ್ತಿದ್ದ ಹಿಂದಿನ ತಲೆಮಾರಿನ ಹುಡುಗರಿಗೆ ಕಾಲೇಜಿಗಿಂತ ಮೊದಲು ಬೇಕಾಗಿದ್ದುದು ಹಾಸ್ಟೆಲು. 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭಗೊಂಡ ಸಹ್ಯಾದ್ರಿಯಲ್ಲಿ ಸೀಟು ಸಿಕ್ಕಿದರೂ, ಎರಡು ಹೊತ್ತಿನ ಅನ್ನ ಮತ್ತು ಚಾಪೆ ಹಾಸುವಷ್ಟು ಜಾಗ ಸಿಗದಿದ್ದರೆ ಹುಡುಗ ಮರಳಿ ಗದ್ದೆಗಿಳಿಯಬೇಕಾಗುತ್ತಿತ್ತು. ಆ ಜಾಗವನ್ನು ಕೊಟ್ಟದ್ದು ಬೇರೆ ಬೇರೆ ಸಮುದಾಯಗಳ ಹಿರಿಯರು ಕಟ್ಟಿಸಿದ್ದ ಹಂಚಿನ ಮಾಡಿನ ಹಾಸ್ಟೆಲುಗಳು. ಅಲ್ಲಿ ತಗಡಿನ ಟ್ರಂಕು ಇಟ್ಟುಕೊಂಡು ಓದಿದವರು ಇಂದು ಎಂಜಿನಿಯರುಗಳು, ಉಪನ್ಯಾಸಕರು, ಗುತ್ತಿಗೆದಾರರು, ಗಲ್ಫ್ ಉದ್ಯೋಗಿಗಳು. ಅವರಲ್ಲಿ ಕೆಲವರು ಒಂದೆಡೆ ಸೇರಿ, ತಮ್ಮನ್ನು ಸಾಕಿದ ಕಟ್ಟಡವನ್ನು ನವೀಕರಿಸೋಣವೆಂದು ದೇಣಿಗೆ ಸಂಗ್ರಹಕ್ಕೆ ಇಳಿಯುವುದನ್ನು ನಾವು ಅಲ್ಲಲ್ಲಿ ಕಾಣುತ್ತಿದ್ದೇವೆ.

ಇದು ಸಂತೋಷದ ಸಂಗತಿ. ಉಂಡ ಮನೆಯನ್ನು ಮರೆಯುವವರೇ ಹೆಚ್ಚಿರುವಾಗ, ನೆನೆಯುವವರ ಕೃತಜ್ಞತೆಯನ್ನು ಅನುಮಾನಿಸುವ ಅಧಿಕಾರ ನಮಗಿಲ್ಲ. ಆದರೆ ಇಂತಹ ಮನವಿಪತ್ರಗಳ ಜೊತೆಗಿರುವ ಅಂದಾಜುಪಟ್ಟಿಗಳನ್ನು ಓದಿದಾಗ ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಮೊದಲ ಸಾಲಿನಲ್ಲಿ ಸ್ವಾಗತ ಕಮಾನು, ಎರಡನೆಯದರಲ್ಲಿ ಗ್ರಾನೈಟ್ ನೆಲ, ಆ ಮೇಲೆ ಸಭಾಂಗಣ, ದಾನಿಗಳ ಹೆಸರು ಕೆತ್ತುವ ಫಲಕ. ಶೌಚಾಲಯ ಮತ್ತು ಅಡುಗೆಮನೆಯ ಹೊಗೆಗೂಡು ಕೊನೆಯಲ್ಲಿ ‘ಇತರೆ’ ಎಂಬ ಒಂದೇ ಪದದೊಳಗೆ ಅಡಗಿರುತ್ತವೆ. ಪಟ್ಟಿ ತಯಾರಿಸಿದವರು ಹಾಸ್ಟೆಲಿಗೆ ವರ್ಷಕ್ಕೊಮ್ಮೆ, ಸನ್ಮಾನದ ದಿನ ಬರುವವರು. ದಿನಕ್ಕೆ ಮೂರು ಬಾರಿ ಅದರ ಬಚ್ಚಲಿಗೆ ಹೋಗುವ ಹುಡುಗನನ್ನು ಯಾರೂ ಕೇಳಿದಂತಿಲ್ಲ. ಹಳಬರ ನೆನಪು ಚೆನ್ನಾಗಿ ಕಾಣಿಸಬೇಕೆಂಬ ಆಸೆಗೂ ಹೊಸಬರು ಆರೋಗ್ಯವಾಗಿ ಬದುಕಬೇಕೆಂಬ ಅಗತ್ಯಕ್ಕೂ ಇರುವ ವ್ಯತ್ಯಾಸವನ್ನು ನಾವು ಗುರುತಿಸಬೇಕಾಗಿದೆ.

ಓದಿಗಾಗಿ ಊರು ಬಿಡುವುದಾಗಲೀ, ಓದುವವನಿಗೆ ಅನ್ನವಿಡುವುದಾಗಲೀ ಈ ಸೀಮೆಗೆ ಹೊಸದಲ್ಲ. ತಾಳಗುಂದದ ಮಯೂರಶರ್ಮ ಅಜ್ಜನೊಂದಿಗೆ ಕಂಚಿಯ ಘಟಿಕೆಗೆ ಹೋದದ್ದನ್ನು ಅಲ್ಲಿನ ಸ್ತಂಭಶಾಸನವೇ ಹೇಳುತ್ತದೆ. ಅದೇ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನ ನಮ್ಮ ಸಮಿತಿಗಳು ಒಮ್ಮೆ ಓದಬೇಕಾದದ್ದು. ವೇದ, ವ್ಯಾಕರಣ, ದರ್ಶನ, ಕಾವ್ಯಗಳ ಅಧ್ಯಯನ ನಡೆಯುವ ಸ್ಥಳವೆಂದು ಅದು ಮಠವನ್ನು ವರ್ಣಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಬೇರೆ ಬೇರೆ ಪಂಥಗಳ ಸನ್ಯಾಸಿಗಳಿಗೆ ಅನ್ನ ದೊರೆಯುತ್ತಿತ್ತೆಂದೂ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತೆಂದೂ ದಾಖಲಿಸುತ್ತದೆ. ಆ ಮಠದ ಹಿರಿಮೆಯನ್ನು ಹೇಳಹೊರಟ ಶಾಸನಕಾರನಿಗೆ ಅಲ್ಲಿ ಯಾರು ಉಣ್ಣುತ್ತಿದ್ದರೆಂಬುದು ಮುಖ್ಯವೆನಿಸಿತ್ತು.

ಅಲೀಘಡದ ಉದಾಹರಣೆಯೂ ಇಲ್ಲಿ ಪ್ರಸ್ತುತ. ಸರ್ ಸಯ್ಯಿದ್ ಅಹ್ಮದ್ ಖಾನ್ ಕಾಲೇಜು ಕಟ್ಟಲು ಹೊರಟಾಗ ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸಿದ್ದು ನಿಜ. ಅದರಲ್ಲಿ ಪಟಿಯಾಲದ ಮಹಾರಾಜರಂತಹ ಮುಸ್ಲಿಮೇತರರ ನೆರವೂ ಇತ್ತು. ಆದ್ದರಿಂದ ಹೆಸರು ಕೆತ್ತುವುದನ್ನೇ ಪಾಪವೆಂದು ನಾವು ಹೇಳಹೊರಟಿಲ್ಲ. ಆದರೆ ಅದೇ ಕಾಲೇಜಿನಲ್ಲಿ 1890ರಲ್ಲಿ ಸಾಹಿಬ್‌ಜಾದಾ ಆಫ್ತಾಬ್ ಅಹ್ಮದ್ ಖಾನರ ಮುಂದಾಳತ್ವದಲ್ಲಿ ವಿದ್ಯಾರ್ಥಿಗಳೇ ‘ಅಂಜುಮನ್ ಅಲ್ ಫರ್ಝ್’ ಎಂಬ ಸಂಘ ಕಟ್ಟಿ, ಬಡ ಸಹಪಾಠಿಗಳ ಓದಿಗಾಗಿ ಊರೂರು ಸುತ್ತಿ ಹಣ ಕೂಡಿಸಿದರು. ಸಂಘದ ಹೆಸರೇ ಕರ್ತವ್ಯವೆಂದು. ಕೊಡುವುದನ್ನು ಅವರು ಔದಾರ್ಯವೆಂದು ಕರೆದುಕೊಳ್ಳಲಿಲ್ಲ ಎಂಬುದು ನಮಗೆ ಹಿಡಿಸುತ್ತದೆ.

ದೇವರಾಜ ಅರಸರ ಕಾಲದಿಂದ ಹಿಂದುಳಿದ ವರ್ಗಗಳ ಸರ್ಕಾರಿ ವಿದ್ಯಾರ್ಥಿನಿಲಯಗಳು ಹೆಚ್ಚಿವೆ, ಅಲ್ಪಸಂಖ್ಯಾತರ ವಿದ್ಯಾರ್ಥಿನಿಲಯಗಳೂ ಬಂದಿವೆ, ಇನ್ನು ಸಮುದಾಯದ ಹಾಸ್ಟೆಲು ಏಕೆ ಎಂದು ಕೇಳುವವರಿದ್ದಾರೆ. ಅರ್ಜಿ ಹಾಕಿದವರಿಗೆಲ್ಲ ಅಲ್ಲಿ ಸ್ಥಾನವಿಲ್ಲ ಎಂಬುದೇ ಉತ್ತರ. ಆಯ್ಕೆಪಟ್ಟಿಯಲ್ಲಿ ಹೆಸರಿಲ್ಲದ ಆನವಟ್ಟಿಯ ಹುಡುಗ ಜುಲೈಯಲ್ಲಿ ಬಾಡಿಗೆ ಕೋಣೆ ಹುಡುಕುತ್ತಾನೆ, ದಸರಾ ರಜೆಗೆ ಊರಿಗೆ ಹೋದವನು ಹಿಂತಿರುಗುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಸ್ಥಿತಿ ಇನ್ನೂ ಕಷ್ಟದ್ದು. ಹಳೆಯ ಹಾಸ್ಟೆಲುಗಳಲ್ಲಿ ಬಹುಪಾಲು ಹುಡುಗರಿಗಾಗಿಯೇ ಕಟ್ಟಿದವು. ಆದ್ದರಿಂದ ಅವುಗಳ ಹಳೆಯ ವಿದ್ಯಾರ್ಥಿಗಳೂ ಗಂಡಸರೇ, ನವೀಕರಣ ಸಮಿತಿಗಳಲ್ಲಿ ಇರುವವರೂ ಗಂಡಸರೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತೆಂಬುದು ದೊಡ್ಡ ಉಪಕಾರ. ಆದರೆ ಅದು ಸರ್ಕಾರಿ ಬಸ್ಸುಗಳಿಗೆ ಮಾತ್ರ. ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಸೊರಬದ ಒಳಹಳ್ಳಿಯ ಹೆಣ್ಣುಮಗಳು ದಿನವೂ ಶಿವಮೊಗ್ಗಕ್ಕೆ ಹೋಗಿಬರುವುದು ಆಗದ ಮಾತು. ಅಂಥವಳಿಗೆ ಕಮಾನು ಬೇಡ, ಬೀಗ ಹಾಕಬಹುದಾದ ಒಂದು ಕೋಣೆ ಬೇಕು. ಕೂಡಿದ ಹಣದಲ್ಲಿ ಸಭಾಂಗಣವನ್ನು ಕೈಬಿಟ್ಟು, ಅದೇ ನಿವೇಶನದಲ್ಲಿ ಸಾಧ್ಯವಿಲ್ಲದಿದ್ದರೆ ಬಾಡಿಗೆ ಮನೆಯಲ್ಲಾದರೂ ಇಪ್ಪತ್ತು ಹುಡುಗಿಯರ ವಾಸಕ್ಕೆ ಏರ್ಪಾಡು ಮಾಡಿದರೆ ನಷ್ಟವೇನು?

ಹಣದ ಬಗ್ಗೆಯೂ ಸ್ವಲ್ಪ ಎಚ್ಚರ ಅಗತ್ಯ. ನಮ್ಮವರಲ್ಲಿ ಅನೇಕರು ಝಕಾತಿನ ಹಣವನ್ನೇ ಕಟ್ಟಡಕ್ಕೆ ಕೊಟ್ಟುಬಿಡುತ್ತಾರೆ. ಝಕಾತ್ ಅರ್ಹ ವ್ಯಕ್ತಿಯ ಕೈಸೇರಬೇಕೆಂದೂ ಕಟ್ಟಡಕ್ಕೆ ಸಲ್ಲದೆಂದೂ ಬಹುತೇಕ ವಿದ್ವಾಂಸರ ಅಭಿಪ್ರಾಯ. ಅದನ್ನು ಬಡ ವಿದ್ಯಾರ್ಥಿಯ ಊಟದ ಖರ್ಚಿಗೆ, ಶುಲ್ಕಕ್ಕೆ ಮೀಸಲಿಟ್ಟು, ಗೋಡೆಗೆ ಸದಖಾವನ್ನು ಬಳಸುವುದು ಲೇಸು. ಗಲ್ಫ್‌ನಲ್ಲಿರುವವರು ಭಾರತದ ಪೌರರಾಗಿಯೇ ಉಳಿದಿದ್ದರೆ, ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕ, ಬ್ರಿಟನ್‌ಗಳ ಪೌರತ್ವ ಪಡೆದ ಗೆಳೆಯ ಕಳಿಸಿದ್ದು ಮಾತ್ರ ಎನಿಸುತ್ತದೆ. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಬೇಕು. 2020ರ ತಿದ್ದುಪಡಿಯ ನಂತರ ಅಂತಹ ಹಣ ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯಶಾಖೆಯ ಖಾತೆಗೇ ಬರಬೇಕು. ‘ಅವನು ನಮ್ಮ ಹುಡುಗನೇ’ ಎಂಬ ಮಾತು ಅಧಿಕಾರಿಗಳ ಮುಂದೆ ನಡೆಯದು. ಇನ್ನು ಲೆಕ್ಕಪತ್ರ. ಸಂಘ ನೋಂದಣಿ ಕಾಯ್ದೆಯಂತೆ ವರ್ಷವರ್ಷವೂ ಲೆಕ್ಕ ಸಲ್ಲಿಸುವುದರೊಂದಿಗೆ, ಅದರ ಒಂದು ಪ್ರತಿಯನ್ನು ಹಾಸ್ಟೆಲಿನ ಊಟದ ಕೋಣೆಯ ಗೋಡೆಗೆ ಅಂಟಿಸಲಿ. ಒಮ್ಮೆ ಲೆಕ್ಕ ಕಾಣದ ದಾನಿ ಎರಡನೆಯ ಬಾರಿ ಬಾಗಿಲು ತೆರೆಯುವುದಿಲ್ಲ.

ಕಟ್ಟಡಕ್ಕೆ ಒಮ್ಮೆ ಕೊಡಬಹುದು, ಅಕ್ಕಿಗೆ ಪ್ರತಿತಿಂಗಳೂ ಕೊಡಬೇಕು. ಸಾವಿರಾರು ಮಕ್ಕಳಿಗೆ ಉಚಿತ ಊಟ, ವಸತಿ ಕೊಡುವ ಸಿದ್ಧಗಂಗೆಯ ಉಗ್ರಾಣಕ್ಕೆ ರೈತರು ತಂದೊಪ್ಪಿಸುವ ದವಸವೂ ಸೇರುತ್ತದೆ. ಸೊರಬದಲ್ಲಿ ಭತ್ತ ಬೆಳೆಯುವ, ಶಿಕಾರಿಪುರದಲ್ಲಿ ಜೋಳ, ಅಡಿಕೆ ಬೆಳೆಯುವ ಹಳೆಯ ವಿದ್ಯಾರ್ಥಿಗಳು ಸುಗ್ಗಿಯಲ್ಲಿ ಒಂದೊಂದು ಚೀಲ ಇಳಿಸಿ ಹೋದರೆ, ವಾರ್ಡನ್ನರು ತಿಂಗಳ ಕೊನೆಯಲ್ಲಿ ಅಂಗಡಿಯವನ ಮುಂದೆ ತಲೆ ತಗ್ಗಿಸಬೇಕಾಗಿಲ್ಲ.

ಸಮಿತಿಯವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಭೆಯನ್ನು ಹೋಟೆಲಿನಲ್ಲಿ ಕರೆಯದೆ, ಜುಲೈ ತಿಂಗಳ ಮಳೆಯಲ್ಲಿ ಆ ಹಾಸ್ಟೆಲಿನಲ್ಲೇ ಕರೆಯಿರಿ. ಈಗಿರುವ ಹುಡುಗರೊಂದಿಗೆ ಅವರ ಊಟವನ್ನೇ ಉಣ್ಣಿರಿ, ಹಂಚು ಎಲ್ಲಿ ಸೋರುತ್ತದೆ, ರೀಪರಿಗೆ ಎಲ್ಲಿ ಗೆದ್ದಲು ಹಿಡಿದಿದೆ ಎಂದು ಅವರಿಂದಲೇ ಕೇಳಿರಿ. ರಾತ್ರಿ ಅಲ್ಲಿಯೇ ಮಲಗಿ, ಬೆಳಿಗ್ಗೆ ಶೌಚಾಲಯದ ಮುಂದಿನ ಸಾಲಿನಲ್ಲಿ ನಿಲ್ಲಿರಿ. ಅಂದಾಜುಪಟ್ಟಿಯನ್ನು ಆ ಮೇಲೆ ಬರೆಯಬಹುದು.